ಒಂಟಿ ಸೀನು

ಬೆಳಗಿನ ತಿಂಡಿಯಾದ ಮೇಲೆ ಅತ್ತೆ ಸೊಸೆ ಪಡಸಾಲೆಯಲ್ಲಿ ಹೊಗೆಸೊಪ್ಪು ವಿಂಗಡಿಸಲು ಕೂರುತ್ತಿದ್ದರು. ಪಿರಿಯಾಪಟ್ಟಣದ ಕಡೆಯ ಊರುಗಳಲ್ಲಿ ಅದು ಹೆಂಗಸರ ಕೆಲಸ. ಎಲೆ ಬಿಡಿಸಿದಾಗಲೆಲ್ಲ ಏಳುವ ಸಣ್ಣ ಧೂಳು ಸೊಸೆ ಅನುಶ್ರೀಯ ಮೂಗಿಗೆ ಹತ್ತುತ್ತಿತ್ತು. ಸೀನುತ್ತಿದ್ದಳು, ಒಂದೇ ಒಂದು ಸಲ.

ಮದುವೆಯಾದ ವರ್ಷವೇ, ಗಂಡ ನಟರಾಜು ಸೊಪ್ಪು ತುಂಬಿಕೊಂಡು ಹರಾಜಿಗೆ ಹೊರಟಾಗ ಅವಳು ಸೀನಿದಳು. ಅಂದು ಬೆಲೆ ಬಿತ್ತು. ಇಡೀ ತಾಲ್ಲೂಕಿಗೇ ಬಿದ್ದಿತ್ತು. ತಾಲ್ಲೂಕಿನ ಹೆಂಗಸರೆಲ್ಲ ಒಟ್ಟಿಗೆ ಸೀನಿದ್ದರೇ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಮನೆಯವರು ಯಾರೇ ಹೊರಟರೂ ಅತ್ತೆ ಪುಟ್ಟಮಾದಮ್ಮ ಅವಳನ್ನು ಸೊಪ್ಪಿನ ಕೋಣೆಗೆ ಕಳಿಸಿ ಚಿಲಕ ಹಾಕುತ್ತಿದ್ದರು. ಆ ಧೂಳಿನಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಸೀನು ನುಂಗುವುದನ್ನು ಅನುಶ್ರೀ ಕಲಿತಳು. ಮೂರನೇ ವರ್ಷಕ್ಕೆ, ಕೊಡ ಎತ್ತಿದರೆ ಎದೆ ಸಿಳ್ಳೆ ಹಾಕುತ್ತಿತ್ತು.

ಹುಣಸೂರಿನ ಆಸ್ಪತ್ರೆಗೆಂದು ಎರಡು ಸಲ ಹೊರಟಳು. ಎರಡು ಸಲವೂ ಹೊಸಿಲಲ್ಲೇ ಸೀನು ಬಂದು ಪ್ರಯಾಣ ನಿಂತಿತು. ಮೂರನೇ ಸಲ ಆಶಾ ಕಾರ್ಯಕರ್ತೆ ಯಶೋದಮ್ಮ ತಾವೇ ಕರೆದೊಯ್ಯಲು ಬಂದರು. ಅನುಶ್ರೀ ಹೊಸಿಲ ಬಳಿ ಬಂದಳು, ಸೀನಿದಳು.

"ಕೂತ್ಕ," ಪುಟ್ಟಮಾದಮ್ಮ ನೀರಿನ ಚೆಂಬು ಕೊಟ್ಟರು. "ನಾಳೀಕೆ ಓಗೀವಂತೆ."

"ಸೀನೋದೇ ಅವ್ಳ ಕಾಯ್ಲೆ ಕಣಕ್ಕ," ಎಂದರು ಯಶೋದಮ್ಮ. "ಸೀನು ನಿಂತ ಮ್ಯಾಲೆ ಕಳಿಸ್ತೀನಿ ಅಂದ್ರೆ ಡಾಕ್ಟ್ರು ಏನ್ ನೋಡ್ಬೇಕು?"

"ಜೋಡಿ ಸೀನಿದ್ರೆ ನಾನೇ ಕಳಿಸ್ತಿದ್ದೆ ಕಣವ್ವ. ಎಲ್ರಿಗೂ ಎರಡು ಬತ್ತದೆ, ಇವ್ಳಿಗೆ ಒಂದೇ. ಸೀನೋದ್ರಲ್ಲೂ ಜಿಪುಣಿ."

"ಧೂಳಲ್ಲಿ ಕೂಡಾಕಿ ಸೀನಬ್ಯಾಡ ಅಂದ್ರೆ ಎಂಗಕ್ಕ?"

"ನಮ್ಮತ್ತೆ ಕಾಲ್ದಿಂದ್ಲೂ ಇರೋದು. ನಾನೇನ್ ಒಸದಾಗಿ ತಂದ್ನಾ? ಬುಡು."

ಅನುಶ್ರೀ ಕಣ್ಣು ಮುಚ್ಚಿ ಇನ್ನೊಂದು ಸೀನಿಗಾಗಿ ಕಾದಳು. ಮೂಗು ಉಜ್ಜಿಕೊಂಡಳು. ಬರಲಿಲ್ಲ. ಉಸಿರಾಡಲು ಅಪ್ಪಣೆ ಕೇಳುತ್ತ ನಿಂತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಚೆಂಬನ್ನು ಅತ್ತೆಯ ಕೈಗೇ ಕೊಟ್ಟಳು. "ನೀವು ಕುಡೀರತ್ತೆ. ನಾನು ಬತ್ತೀನಿ."

"ಓಗ್ತಾ ಏನಾದ್ರೂ ಆದ್ರೆ?"

"ಆಗೋದೆಲ್ಲ ಇಲ್ಲಿ ಕೂತೇ ಆಯ್ತಲ್ಲ ಅತ್ತೆ."

ಹೊಸಿಲು ದಾಟಿದಳು. ಯಶೋದಮ್ಮ ಜೊತೆಗೆ ನಡೆದರು. ಹಿಂದಿನಿಂದ ಬಂದ ಬೈಗುಳ ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.

ಬಸ್ಸಿನಲ್ಲಿ ಮತ್ತೆ ಸೀನು ಬಂತು. ಕೈ ತಾನಾಗಿ ಸೆರಗಿಗೆ ಹೋಯಿತು. ಕೈಯನ್ನು ತಡೆದು, ಜೋರಾಗಿ ಸೀನಿದಳು. ಪಕ್ಕದಲ್ಲಿದ್ದ ಮುದುಕಿ ಎದ್ದು ಜಾಗ ಬಿಟ್ಟಳು.

"ಕಿಟಕಿ ತಾವ ಕೂತ್ಕ ಮಗ, ಒಸಿ ಗಾಳಿ ಆಡ್ಲಿ."