ಕತ್ತರಿಸಿಹೋದ ಒಂಬತ್ತು ನಿಮಿಷ

ಭಾವ ಗೊರಕೆ ಹೊಡೆಯುತ್ತಾರೆ ಎಂಬುದನ್ನು ಅವರೊಬ್ಬರನ್ನು ಬಿಟ್ಟು ಬೀದಿಯೆಲ್ಲ ಒಪ್ಪಿತ್ತು. ಅಕ್ಕನ ಚಿಂತೆ ಗೊರಕೆಯದಲ್ಲ. ನಡುನಡುವೆ ಅವರ ಉಸಿರೇ ನಿಂತುಹೋಗುತ್ತದೆ ಎಂಬುದು. ಹೇಳಿದರೆ ಭಾವ ನಕ್ಕುಬಿಡುತ್ತಿದ್ದರು. ತಮ್ಮ ಕ್ಷೌರದಂಗಡಿಯಲ್ಲಿ ದಿನವಿಡೀ ಮಾತಾಡುವ ಮನುಷ್ಯ. ಅವರನ್ನು ಮಾತಿನಲ್ಲಿ ಗೆದ್ದವರಿಲ್ಲ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಅವರು ಉಂಡು ಮಲಗಿದಾಗ, ಅಕ್ಕ ದಿಂಬಿನ ಪಕ್ಕ ಫೋನಿಟ್ಟು ನಲವತ್ತು ನಿಮಿಷ ರೆಕಾರ್ಡ್ ಮಾಡಿದಳು. ನಿದ್ರೆಯ ಕ್ಲಿನಿಕ್ಕಿನವರು ಮೊದಲು ಅದನ್ನು ಕೇಳಿ, ಅಗತ್ಯ ಕಂಡರೆ ಮಾತ್ರ ಕರೆಸುತ್ತಾರಂತೆ. ಆದರೆ ಅವರ ವೆಬ್‌ಸೈಟಿಗೆ ಎಂಪಿ3 ಮಾತ್ರ ಆಗಬೇಕು; ಅಕ್ಕನ ಫೋನಿನ ಫೈಲು ಬೇರೇನೋ.

"ಮೌನದ ಬಗ್ಗೆ ತೊಂಬತ್ತು ಪುಟ ಬರೆದು ಎಂಎ ಮಾಡಿದೀಯ," ಎಂದಳು ಅಕ್ಕ. "ನಿನ್ನ ಭಾವನ ಗಲಾಟೆಗೂ ಒಂದು ದಾರಿ ಮಾಡು."

ಮಾಡಿದೆ. ಫೈಲು ಬದಲಿಸಿಕೊಡುವ ಒಂದು ಸೈಟಿಗೆ ಏರಿಸಿದೆ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳಿತು, ಎಂಪಿ3 ಬಂತು, ಕೇಳದೆಯೇ ಕಳಿಸಿದೆ. ಇನ್ನೊಬ್ಬರ ನಿದ್ರೆಗೆ ಕಿವಿಗೊಡುವುದು ನನಗೇಕೋ ಸಂಕೋಚ.

ಎರಡು ದಿನಕ್ಕೆ ಕ್ಲಿನಿಕ್ಕಿನ ನರ್ಸ್ ಅಕ್ಕನಿಗೆ ಫೋನ್ ಮಾಡಿದರು. "ಉಸಿರು ಒಂದೇ ಸಮ ಇದೆಯಮ್ಮ. ಎಲ್ಲೂ ನಿಂತಿಲ್ಲ. ಬರೋ ಅಗತ್ಯ ಇಲ್ಲ."

"ಕೇಳಿದ್ಯಾ? ಒಂದೇ ಸಮ!" ಭಾವ ಕುಣಿಯುವುದೊಂದು ಬಾಕಿ. "ಸರ್ಟಿಫಿಕೇಟೇ ಕೊಟ್ಬಿಟ್ರು. ಚೌಕಟ್ಟು ಹಾಕಿಸಿ ಅಂಗಡೀಲಿ ನೇತುಹಾಕ್ತೀನಿ."

ಅಕ್ಕ ಅಂಗಡಿಯ ಟವೆಲುಗಳನ್ನು ಮಡಚುತ್ತಿದ್ದಳು. ಒಂದೇ ಟವೆಲನ್ನು ಮೂರು ಸಲ ಮಡಚಿದಳು. "ನಂಗೇ ಕಿವಿ ಸರಿಯಿಲ್ಲವೇನೋ," ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಹೋಗಿ ಕಳಿಸಿದ ಫೈಲನ್ನು ತೆರೆದೆ. ಮೂವತ್ತೊಂದು ನಿಮಿಷ! ಮತ್ತೆ ಆ ಸೈಟಿಗೆ ಹೋದರೆ, ಕೆಳಗೆ ಮೂಲೆಯಲ್ಲಿ, 'ಸದ್ದಿಲ್ಲದ ಭಾಗ ತೆಗೆದುಹಾಕಿ' ಎಂಬುದರ ಮುಂದೆ ಅವರೇ ಗುರುತು ಹಾಕಿಟ್ಟಿದ್ದರು. ನಾನು ನೋಡಿರಲೇ ಇಲ್ಲ.

"ಭಾವ, ನಿಮ್ಮ ಸರ್ಟಿಫಿಕೇಟು ಖೋಟಾ," ಎಂದೆ. "ಉಸಿರು ನಿಂತಿದ್ದನ್ನೆಲ್ಲ ನಾನೇ ಕತ್ತರಿಸಿ ಕಳಿಸಿದೀನಿ. ಒಂಬತ್ತು ನಿಮಿಷ."

"ಕತ್ತರಿ ನನ್ನ ಕೈಲಿರಬೇಕು. ನಿನ್ನ ಕೈಗೆ ಯಾರಪ್ಪ ಕೊಟ್ರು?"

ಅಕ್ಕ ತನ್ನ ಫೋನಿನಲ್ಲಿದ್ದ ಮೂಲ ರೆಕಾರ್ಡಿಂಗನ್ನು ಹಚ್ಚಿದಳು. ಗೊರಕೆ, ಗೊರಕೆ, ಮತ್ತೊಂದು ಗೊರಕೆ. ಆಮೇಲೆ ಏನೂ ಇಲ್ಲ.

"ಇದೇನು ಮಹಾ," ಎಂದು ಭಾವ ಮೂಗು ಹಿಡಿದು, ಕೆನ್ನೆ ಉಬ್ಬಿಸಿ, ತಾವೂ ಉಸಿರು ಬಿಗಿಹಿಡಿದರು. ನಾನು ಪರದೆಯ ಮೇಲೆ ಓಡುತ್ತಿದ್ದ ಸೆಕೆಂಡುಗಳನ್ನು ನೋಡಿದೆ. ಹತ್ತು. ಇಪ್ಪತ್ತು. ಇಪ್ಪತ್ತೆಂಟಕ್ಕೆ ಭಾವನಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದು ಗಾಳಿ ಎಳೆದುಕೊಂಡರು.

ಫೋನಿನಲ್ಲಿ ಇನ್ನೂ ಏನೂ ಇಲ್ಲ.

ನಲವತ್ತೊಂದಕ್ಕೆ, ನೀರಿನಿಂದ ಮೇಲೆದ್ದವನ ಹಾಗೆ, ಅದೂ ಉಸಿರೆಳೆಯಿತು.

"ಎಷ್ಟು ಸಲ ಹೀಗೆ?" ಭಾವನ ದನಿ ಇಳಿದಿತ್ತು.

"ರಾತ್ರೀದು ಎಣಿಸೋದು ಬಿಟ್ಟಿದೀನಿ."

"ಹಾಗಾದ್ರೆ ನೀನು ನಿದ್ದೆ ಮಾಡೋದ್ಯಾವಾಗ?"

"ಮತ್ತೆ ಗೊರಕೆ ಶುರುವಾದ್ಮೇಲೆ. ಅದು ಕೇಳಿಸ್ತಿದ್ರೇನೇ ನಂಗೆ ನಿದ್ದೆ."

ಭಾವ ನನ್ನತ್ತ ತಿರುಗಿದರು.

"ಪೂರ್ತೀದು ಕಳಿಸೋ. ಮಂಗಳವಾರ ಅಂಗಡಿಗೆ ರಜ, ಅವತ್ತೇ ಬರ್ತೀನಿ ಅಂತ ಬರಿ."