ನೆಲದಡಿಗೆ ಬಂದ ದನಿ

ಫೋನು ಬಡಿದುಕೊಂಡಾಗ ಯೆಜ್ಜಾಳ ಕೈಯಲ್ಲಿದ್ದ ಜರಡಿ ಗಕ್ಕನೆ ನಿಂತಿತು. ಕುಸ್‌ಕುಸ್ ಗೋಧಿರವೆಯ ಕಾಳೆಲ್ಲ ಮಡಿಲಿಗೆ ಚೆಲ್ಲಿತು. ಈ ಮನೆಗೆ ಸೊಸೆಯಾಗಿ ಬಂದು ತಲೆ ನರೆತಿದ್ದರೂ ಅಂಗಳದಲ್ಲಿ ಫೋನು ಬಡಿದದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಮನೆಯೆಂದರೆ ನೆಲದೊಳಗೆ ಕಡಿದ ಮನೆ. ಬಾಯಿ ತೆರೆದ ದೊಡ್ಡ ಗುಂಡಿಯೇ ಅಂಗಳ, ಸುತ್ತ ಮಣ್ಣಿನಲ್ಲೇ ಕೊರೆದ ಕೋಣೆಗಳು, ಹೊರಗೆ ಹೋಗಲು ಏರು ಸುರಂಗ. ಮತ್ಮಾತ ಎಂಬ ಈ ಬೆಟ್ಟದೂರಿನ ಬಿಸಿಲೇ ಇಲ್ಲಿಗೆ ನಡುಹಗಲಲ್ಲಿ ಮಾತ್ರ ಇಳಿಯುವುದು, ಇನ್ನು ಸಿಗ್ನಲ್ಲು ಎಲ್ಲಿಂದ ಬರಬೇಕು! ಮಾತಾಡಬೇಕಾದವರು ಸುರಂಗ ಹತ್ತಿ, ಗುಂಡಿಯ ಅಂಚಿನ ಚಪ್ಪಟೆ ಬಂಡೆಯ ಮೇಲೆ ನಿಲ್ಲಬೇಕು. ಸೊಂಟ ಮುರಿದ ಮೇಲೆ ಯೆಜ್ಜಾ ಆ ಬಂಡೆ ಕಂಡವಳಲ್ಲ. ಅವಳ ಬದಲು ನಾದಿನಿ ಗ್ಮೇರಾ ಹತ್ತುತ್ತಿದ್ದಳು. ಮೇಲೆ ನಿಂತು ಮಾತಾಡಿ, ಕೇಳಿದ್ದನ್ನು ಕೆಳಗೆ ಕೂಗಿ ಹೇಳುತ್ತಿದ್ದಳು. ಕಂಠವೋ ಕಂಠ. ಅತ್ತಿಗೆಗಿಂತ ಮೊದಲು ಊರಿಗೇ ಸುದ್ದಿ ಮುಟ್ಟುತ್ತಿತ್ತು.

ಗ್ಮೇರಾ ಕೂಗದೆ ಇದ್ದದ್ದು ಎರಡೇ ಸಲ. ಯೆಜ್ಜಾಳ ಮಗಳು ಸಾಸಿಯಾ ಕಡಲ ದಂಡೆಯ ಗಾಬೆಸ್‌ನ ಆಸ್ಪತ್ರೆಯಲ್ಲಿ ಹೆತ್ತ ಎರಡು ಕೂಸುಗಳೂ ಅಳಲಿಲ್ಲ. ಆ ಎರಡೂ ಸಲ ಗ್ಮೇರಾ ಫೋನನ್ನು ಕಿವಿಗೆ ಹಿಡಿದು ಅಂಚಿನಲ್ಲಿ ಸುಮ್ಮನೆ ನಿಂತಿದ್ದಳು. ಆಕಾಶಕ್ಕೆ ಎದುರಾಗಿ ನಿಂತ ಆ ತಲೆಯನ್ನು ಕೆಳಗಿನಿಂದ ನೋಡಿಯೇ ಯೆಜ್ಜಾಗೆ ಎಲ್ಲ ತಿಳಿದಿತ್ತು. ಈಗ ಮೂರನೆಯ ಹೆರಿಗೆ. ಬೆಳಿಗ್ಗೆಯೇ ನೋವು ಬಂದು ಸಾಸಿಯಾ ಆಸ್ಪತ್ರೆ ಸೇರಿದ್ದಳು.

ಹೋದ ವಾರ ಅಳಿಯ ದಾವ್ ಬಂದು, ಮೇಲಿನಿಂದ ತಂತಿ ಇಳಿಸಿ, ಕೋಣೆಯ ಗೂಡಿನಲ್ಲಿ ವೈಫೈ ಪೆಟ್ಟಿಗೆ ಇಟ್ಟಿದ್ದ. ಅತ್ತೆಯ ಫೋನಿನಲ್ಲೂ ಏನನ್ನೋ ಒತ್ತಿ ಸರಿಮಾಡಿದ್ದ.

"ಕಂಪನಿ ಅದೇ, ನಂಬರೂ ಅದೇ ಅತ್ತೆ. ಟವರಿನ ಸಿಗ್ನಲ್ಲು ಮಣ್ಣೊಳಗೆ ಇಳಿಯಲ್ಲ, ಆದ್ರೆ ಕರೆ ಈ ವೈಫೈ ಹಿಡ್ಕೊಂಡು ಬರುತ್ತೆ. ಮಾಮೂಲಿ ಥರ ಎತ್ತಿ ಮಾತಾಡಿದ್ರಾಯ್ತು."

"ನಲ್ಲಿ ನೀರೇ ನೆಟ್ಟಗೆ ಬರಲ್ಲ, ಮಾತು ಬರುತ್ತಂತೆ ಮಾತು!" ಎಂದು ಗ್ಮೇರಾ ನಕ್ಕಿದ್ದಳು. ಒಳಗೊಳಗೆ ಅವಳಿಗೆ ತನ್ನ ಬಂಡೆಯ ಚಿಂತೆ.

ಈಗ ಆ ಫೋನು ಗೂಡಿನಲ್ಲಿ ನಿಜಕ್ಕೂ ಬಡಿದುಕೊಳ್ಳುತ್ತಿತ್ತು. ಒಲೆಯ ಮುಂದಿದ್ದ ಗ್ಮೇರಾ ಬಾಯಿ ಬಿಟ್ಟುಕೊಂಡು ನಿಂತಳು.

"ನೋಡ್ತಾ ನಿಂತ್ಯಲ್ಲೇ! ತಗೊಂಡು ಓಡೇ ಮೇಲಕ್ಕೆ!" ಎಂದು ಯೆಜ್ಜಾ ಕಿರುಚಿದಳು.

ಗ್ಮೇರಾ ಫೋನು ಬಾಚಿಕೊಂಡು ಹಸಿರು ಗುಂಡಿ ಒತ್ತಿದಳು. "ಇರಪ್ಪಾ ದಾವ್, ಬಂದೆ, ಮೇಲೆ ಹತ್ತಿ ಮಾತಾಡ್ತೀನಿ!" ಎನ್ನುತ್ತ ಸುರಂಗಕ್ಕೆ ನುಗ್ಗಿದಳು. ಫೋನು ಬಡಿದದ್ದು ಕೆಳಗಾದರೂ ಮಾತಾಡುವುದು ಬಂಡೆಯ ಮೇಲೆಯೇ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಯೆಜ್ಜಾ ಕತ್ತೆತ್ತಿ ಕಾದಳು. ಅಂಚಿನಲ್ಲಿ ಗ್ಮೇರಾಳ ತಲೆ ಕಾಣಿಸಿತು. ಫೋನು ಕಿವಿಯಲ್ಲಿತ್ತು. ಬಾಯಿ ಮಾತ್ರ ಅಲುಗಲಿಲ್ಲ.

ಮತ್ತೆ ಅದೇ ಬಂಡೆ, ಅದೇ ಮೌನ. ಯೆಜ್ಜಾ ಜರಡಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೇಳಿಬಿಡೇ ಗ್ಮೇರಾ. ಈ ಸಲ ನಾನು ಅಳಲ್ಲ."

"ಏನಂತ ಹೇಳ್ಲಿ ಅತ್ತಿಗೆ!" ಮೇಲಿನಿಂದ ಅಳುದನಿ ಬಂತು. "ಸುರಂಗದಲ್ಲೇ ಕಟ್ಟಾಗೋಯ್ತು. ಹಲೋ ಹಲೋ ಅಂದ್ಕೊಂಡೇ ಬಂದೆ. ಉಸಿರೇ ಇಲ್ಲ ಇದರಲ್ಲಿ!"

ಯೆಜ್ಜಾ ಗೂಡಿನ ಕಡೆ ನೋಡಿದಳು. ಪೆಟ್ಟಿಗೆಯ ಹಸಿರು ದೀಪ ಅಲ್ಲೇ ಉರಿಯುತ್ತಿತ್ತು.

"ಅಯ್ಯೋ ಕತ್ತೆ! ವೈಫೈ ಇರೋದು ಇಲ್ಲಿ ಕಣೇ, ನೀನ್ಯಾಕೆ ಅಲ್ಲಿಗೆ ಹೋದೆ?"

"ಓಡು ಅಂದೋಳು ನೀನೇ ಅಲ್ವಾ!"

"ಈಗ ನಾನೇ ಹೇಳ್ತಿದೀನಿ, ಇಳಿದು ಬಾ!"

ಗ್ಮೇರಾ ಏದುಸಿರು ಬಿಡುತ್ತ ಅಂಗಳಕ್ಕೆ ಬಂದು ನಿಂತ ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಯೆಜ್ಜಾ ತಾನೇ ಕೈ ಚಾಚಿದಳು. ಬೆರಳಿಗೆ ಗುಂಡಿ ಸಿಗಲಿಲ್ಲ. ಗ್ಮೇರಾ ಒತ್ತಿಕೊಟ್ಟು, ಸ್ಪೀಕರನ್ನೂ ಹಾಕಿದಳು.

"ಅತ್ತೆ," ಎಂದ ದಾವ್. "ಏನೂ ಮಾತಾಡ್ಬೇಡಿ. ಕೇಳಿಸ್ಕೊಳ್ಳಿ."

ಮೊದಲು ಬರಿಯ ಗೊರಗೊರ. ಆಮೇಲೆ ಕೂಸು ಅತ್ತಿತು.

ಒಂದೇ ಸಮನೆ, ಸಿಟ್ಟಿನಿಂದ ಅತ್ತಿತು. ಆ ಅಳು ಮಣ್ಣಿನ ಗೋಡೆಗೆ ತಾಗಿ, ಒಂದೊಂದು ಕೋಣೆಯನ್ನೂ ಹೊಕ್ಕು ಬಂದು, ಗುಂಡಿಯನ್ನೆಲ್ಲ ತುಂಬಿತು. ಯೆಜ್ಜಾ ಫೋನನ್ನು ಮಡಿಲಿಗಿಟ್ಟುಕೊಂಡಳು. ಕಡಲ ದಂಡೆಯ ಊರಿನಲ್ಲಿ ಈಗಷ್ಟೇ ಹುಟ್ಟಿದ ಕೂಸು ಬೆಟ್ಟ ದಾಟಿ, ನೆಲ ಹೊಕ್ಕು, ತನ್ನ ಅಂಗಳದಲ್ಲಿ ಅಳುತ್ತಿದೆ. ಇಂಥದ್ದೂ ಉಂಟೇ? ಬಿಸಿಲೂ ಇಳಿಯದ ವೇಳೆಯಲ್ಲಿ ಬಂದಿದೆಯಲ್ಲ! ಅಳುವುದಿಲ್ಲವೆಂದು ಹೇಳಿದವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಅಮ್ಮಾ, ಕೇಳಿಸ್ತಾ?" ಸಾಸಿಯಾಳ ಸೋತ ದನಿ. "ಹೆಣ್ಣು."

"ಕೇಳಿಸ್ತು ಮಗಳೇ. ಅಳಲಿ ಬಿಡು, ಸುಮ್ಮನಿರಿಸ್ಬೇಡ, ಚೆನ್ನಾಗಿ ಅಳಲಿ."

ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಯಾರದೋ ಹೆಜ್ಜೆ ನಿಂತ ಸದ್ದಾಯಿತು. ಹೆಂಗಸರಿರುವ ಅಂಗಳಕ್ಕೆ ಯಾರೂ ಬಗ್ಗಿ ನೋಡುವಂತಿಲ್ಲ. ನೆರೆಯ ಮುದುಕ ಬಖ್ಖೂಶ್ ಅಂಚಿನಿಂದ ಹಿಂದೆಯೇ ನಿಂತು ಕೂಗಿದ.

"ಏ ಗ್ಮೇರಾ! ನಿಮ್ಮನೇಲಿ ಎಳೆಗೂಸು ಅಳ್ತಿದೆಯಲ್ಲಾ, ಯಾರದೇ?"

ಗ್ಮೇರಾ ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದು ಉಸಿರೆಳೆದುಕೊಂಡಳು. ಅತ್ತಿಗೆಯ ಮುಖ ನೋಡಿದಳು. ಕೈ ಕೆಳಗಿಳಿಸಿದಳು.

"ನಮ್ಮದು!" ಎಂದು ಯೆಜ್ಜಾ ಆಕಾಶದ ಕಡೆ ಕತ್ತೆತ್ತಿ ಕೂಗಿದಳು. "ನಮ್ಮದೇ ಕೂಸು!"

ಮೇಲಿನಿಂದ ಗಾಳಿ ಬೀಸಿ ಒಂದಿಷ್ಟು ಧೂಳು ಅಂಗಳಕ್ಕೆ ಇಳಿಯಿತು. ಯೆಜ್ಜಾ ಉಣ್ಣೆಯ ಶಾಲಿನ ಸೆರಗೆಳೆದು ಮಡಿಲಲ್ಲಿದ್ದ ಫೋನಿಗೆ ಹೊದಿಸಿದಳು.