ಬಿಸಿಲಿಲ್ಲದ ನೆರಳು

ಧ್ರುವಗಳ ಆಕಾಶದಲ್ಲಿ ಬೆಳಗುವ ಧ್ರುವಪ್ರಭೆಯ ಮೇಲೆ ಹಾರುವ ಉಪಗ್ರಹದ ಅಳತೆಗಳನ್ನು ನೋಡುವ ಆ ಕಚೇರಿಯಲ್ಲಿ, ಎಲ್ಲರೂ ಮೇಷ್ಟ್ರು ಎನ್ನುವ ಹಿರಿಯ ವಿಜ್ಞಾನಿಯ ಅಡ್ಡಹೆಸರು ‘ನೆರಳಪ್ಪ’. ಎದುರಿಗೆ ಹಾಗೆ ಕರೆದವರಿಲ್ಲ, ಬೆನ್ನ ಹಿಂದೆ ಕರೆಯದವರಿಲ್ಲ. ಹರೆಯದಲ್ಲಿ ಅವರು ಭಾರೀ ವಿದ್ಯುತ್ ಕ್ಷೇತ್ರ ಸಿಕ್ಕಿತೆಂದು ತುಂಬಿದ ಸಭೆಯಲ್ಲಿ ಸಾರಿದ್ದರು. ಸಿಕ್ಕಿದ್ದು ನೆರಳು! ಉಪಗ್ರಹ ಬುಗುರಿಯಂತೆ ತಿರುಗುತ್ತದೆ; ಅದರ ಉದ್ದ ತಂತಿಗಳ ತುದಿಯಲ್ಲಿ ಕ್ಷೇತ್ರ ಅಳೆಯುವ ಪುಟ್ಟ ಗೋಳಗಳಿವೆ. ಗೋಳ ಉಪಗ್ರಹದ ನೆರಳಿಗೆ ಬಂದಾಗಲೆಲ್ಲ ಪರದೆಯ ಗೆರೆಯಲ್ಲಿ ಸುಳ್ಳು ಮುಳ್ಳೊಂದು ಏಳುತ್ತದೆ. ಸಭೆ ಬಿದ್ದು ಬಿದ್ದು ನಕ್ಕಿತ್ತು.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಗೋಳ ನೆರಳು ಬೀಳುವ ಕೋನಕ್ಕೆ ಬಂದಾಗ ಏಳುವ ಮುಳ್ಳನ್ನೆಲ್ಲ ತಾನಾಗಿ ಕತ್ತರಿಸುವ ಪ್ರೋಗ್ರಾಂ ಒಂದನ್ನು ಮೇಷ್ಟ್ರು ಬರೆದಿಟ್ಟರು. ಅದನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಈಗ ಅವರಿಗೆ ನಿವೃತ್ತಿ. ‘ಧ್ರುವಪ್ರಭೆಯ ಮೇಲೆ ಬಲವಾದ ವಿದ್ಯುತ್ ಕ್ಷೇತ್ರವಿಲ್ಲ’ ಎಂಬ ಕೊನೆಯ ವರದಿ ಇವತ್ತು ಹೊರಡಬೇಕಿತ್ತು.

ಅಂಥ ಹೊತ್ತಿನಲ್ಲಿ ಅವರ ಶಿಷ್ಯೆ ಕತ್ತರಿಸದ ಮೂಲ ಗೆರೆಗಳನ್ನು ತೆರೆದು ಕೂತಿದ್ದಳು. ಒಂದು ಮುಳ್ಳಿನ ಮೇಲೆ ಅವಳ ಕೈ ನಿಂತಿತು. ಹೇಳಿದರೆ, ಹೊರಟು ನಿಂತ ಮೇಷ್ಟ್ರ ಮಾನ ಮತ್ತೆ ಬೀದಿಪಾಲು. ಹೇಳದಿದ್ದರೆ ವರದಿ ಸುಳ್ಳು. ಅಳು ಬರುವಷ್ಟು ಸಂಕಟವಾಯಿತು ಅವಳಿಗೆ. ಆದರೂ ಎದ್ದು ಮೇಷ್ಟ್ರ ಬಳಿಗೆ ಹೋದಳು.

“ಸರ್, ಒಂದು ಮುಳ್ಳಿದೆ.”

“ನೆರಳು ಕಣಮ್ಮಾ. ಬಿಸಾಕು.”

“ಆಗ ಉಪಗ್ರಹ ಭೂಮಿಯ ಹಿಂದಿತ್ತು ಸರ್. ಬಿಸಿಲೇ ಇರ್ಲಿಲ್ಲ. ನೆರಳೆಲ್ಲಿಂದ ಬರುತ್ತೆ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪರದೆಗೆ ಬಾಗಿದರು. ಅದೇ ಕ್ಷಣದಲ್ಲಿ, ಪ್ಲಾಸ್ಮಾ, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು, ಅಳೆಯುವ ಇನ್ನೊಂದು ಉಪಕರಣದಲ್ಲೂ ಎಲೆಕ್ಟ್ರಾನುಗಳು ಕೆಳಕ್ಕೆ, ಅಯಾನುಗಳು ಮೇಲಕ್ಕೆ ನುಗ್ಗಿದ್ದವು. ಬಲವಾದ ಕ್ಷೇತ್ರವಿದ್ದರೆ ಮಾತ್ರ ಅವು ಹಾಗೆ ಎದುರುಬದುರು ಓಡುತ್ತವೆ; ಸಾಕ್ಷಿ ಒಂದಲ್ಲ, ಎರಡು.

“ಇಂಥವು ಎಷ್ಟಿವೆ?”

“ತುಂಬಾ ಇವೆ ಸರ್.”

ಹೊಟ್ಟಿನ ಜೊತೆ ಕಾಳನ್ನೂ ತೂರಿಬಿಟ್ಟಿದ್ದರು ಮಹಾನುಭಾವರು! ಅವರು ಕುರ್ಚಿಯಲ್ಲಿ ಕುಸಿದು, ಮಗುವಿನಂತೆ ಕೇಳಿದರು:

“ನನ್ನ ಆ ಹಳೇದು? ಅದೂ ಹೀಗೇ ಇತ್ತಾ?”

ಅವಳು ಎಲ್ಲಕ್ಕಿಂತ ಮೊದಲು ನೋಡಿದ್ದೇ ಅದನ್ನು. ‘ಹೌದು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಒಂದೇ ಮಾತು, ನೆರಳಪ್ಪನ ಹೆಸರು ಇವತ್ತೇ ಅಳಿಸಿಹೋಗುತ್ತಿತ್ತು.

“ಇಲ್ಲ ಸರ್. ಅವತ್ತು ಬಿಸಿಲಿತ್ತು. ಅದು ನೆರಳೇ.”

ಮೇಷ್ಟ್ರು ಹೊಟ್ಟೆ ಕುಲುಕುವಂತೆ ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು.

“ಅದಕ್ಕೂ ಹೌದು ಅಂದಿದ್ರೆ, ಈ ಮುಳ್ಳನ್ನ ನಾನು ನಂಬ್ತಾನೇ ಇರ್ಲಿಲ್ಲ ಕಣಮ್ಮಾ.”

ವರದಿ ತೆರೆದು, ‘ಇಲ್ಲ’ವೆಂದಿದ್ದ ಸಾಲನ್ನು ತಾವೇ ಅಳಿಸಿದರು.